ಬ್ಯಾಟರಿ ಕೋಣೆಯ ಕಿಟಕಿಗೆ ಎರಡೂ ಕಡೆಯಿಂದ ಬಿದ್ದ ಮೊಳೆಗಳು

ಇಂದ,
ಅರ್ಜಿದಾರಳು
(ತಮ್ಮ ತೀರಿಕೊಂಡ ತಂಗಿಯ ಮಗಳು, ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು),
ಬ್ಯಾಟರಿ ಚಾರ್ಜಿಂಗ್ ಕೋಣೆ,
ಅಂಗಡಿಯ ಹಿಂಭಾಗ.

ಗೆ,
ಮಾನ್ಯ ದೊಡ್ಡಮಾವನವರು,
ಮಾಲೀಕರು ಹಾಗೂ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯ ಏಕೈಕ ಹಕ್ಕುದಾರರು,
ಬ್ಯಾಟರಿ ಅಂಗಡಿ,
ಅಂಗಡಿಯ ಮುಂಭಾಗ.

ಮೂಲಕ:
ದೊಡ್ಡತ್ತೆಯವರು, ಅಡುಗೆಮನೆ.
(ಊಟದ ತಟ್ಟೆಯ ಪಕ್ಕದಲ್ಲಿಟ್ಟ ಕಾಗದವನ್ನು ಮಾತ್ರ ತಾವು ಕೊನೆಯವರೆಗೆ ಓದುವಿರಾದ ಕಾರಣ.)

ವಿಷಯ: ಸೀಸ ಮತ್ತು ಆ್ಯಸಿಡ್ಡಿನ ಬ್ಯಾಟರಿಗಳನ್ನು ಚಾರ್ಜು ಮಾಡುವ ಕೋಣೆಯ ಇದ್ದೊಂದು ಕಿಟಕಿಗೆ ಹೊಡೆದಿರುವ ಮೊಳೆಗಳ ಕುರಿತು, ಹಾಗೂ ಅರ್ಜಿದಾರಳ ಎರಡು ಕಣ್ಣುಗಳನ್ನು ಮುಂದಕ್ಕೂ ಎರಡಾಗಿಯೇ ಉಳಿಸಿಕೊಡುವ ಕುರಿತು.

ಉಲ್ಲೇಖ:
1. ಅರ್ಜಿದಾರಳು ಕೆಲಸಕ್ಕೆ ಸೇರಿದ ದಿನ ತಾವು ನೀಡಿದ ಮೌಖಿಕ ಆದೇಶ: "ಚಾರ್ಜಿಗೆ ಹಾಕಿದ ಬ್ಯಾಟರಿ ಉಸಿರಾಡುತ್ತೆ ಕಣೇ. ಅದು ಬಿಟ್ಟ ಉಸಿರು ಹೊರಗೆ ಹೋಗ್ಬೇಕು. ಈ ಕಿಟಕಿ ಮುಚ್ಚಿದ್ಯೋ, ನಿನ್ನ ಕಾಲು ಮುರೀತೀನಿ."
2. ಅದೇ ಕಿಟಕಿಗೆ ಮೊಳೆ ಹೊಡೆದ ದಿನ ತಾವು ನೀಡಿದ ಮೌಖಿಕ ಆದೇಶ: "ಈ ಕಿಟಕಿ ಯಾರಾದ್ರೂ ತೆಗೆದ್ರೋ, ಅವರ ಕಾಲು ಮುರೀತೀನಿ."
3. ಮೇಲಿನ ಎರಡೂ ಆದೇಶಗಳು ಏಕಕಾಲಕ್ಕೆ ಜಾರಿಯಲ್ಲಿದ್ದು, ಅರ್ಜಿದಾರಳಿಗೆ ಇರುವುದು ಎರಡೇ ಕಾಲು ಎಂಬ ಸಂಗತಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕಾಗದದಲ್ಲಿ 'ನಾನು' ಎಂದು ಬರೆಯದೆ 'ಅರ್ಜಿದಾರಳು' ಎಂದು ಬರೆದಿರುವುದನ್ನು ತಾವು ಮನ್ನಿಸಬೇಕು. 'ನಾನು' ಎಂದು ಶುರುಮಾಡಿದ ಮಾತನ್ನು ಈ ಮನೆಯಲ್ಲಿ ಆಕೆ ಕೊನೆಮುಟ್ಟಿಸಿದ ಉದಾಹರಣೆ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಯಾರಾದರೂ ನೀರು ಕೇಳುತ್ತಾರೆ.

ಅಂಗಡಿಗೆ ದೂರು ತರುವ ಗಿರಾಕಿಗಳಿಗೆಲ್ಲ ತಾವು "ಏನಿದ್ರೂ ಬರೆದು ಕೊಡಿ, ಬಾಯಿಮಾತು ನಡೆಯಲ್ಲ" ಎಂದು ಹೇಳುವುದು ವಾಡಿಕೆ. ಇದುವರೆಗೆ ಒಬ್ಬರೂ ಬರೆದು ಕೊಟ್ಟಿಲ್ಲ. ತಾವು ಹಾಗೆ ಹೇಳುವುದೂ ಅದೇ ಧೈರ್ಯದ ಮೇಲೆ. ಆದರೆ ಎದುರಿನ ಜೆರಾಕ್ಸ್ ಅಂಗಡಿಯಿಂದ ಟರ್ಮಿನಲ್ ಒರೆಸಲು ಬರುವ ರದ್ದಿ ಕಾಗದಗಳಲ್ಲಿ ಊರಿನವರ ಅರ್ಜಿಗಳೆಲ್ಲ ಇರುತ್ತವೆ. ಒರೆಸುವ ಮೊದಲು ಅರ್ಜಿದಾರಳು ಅವನ್ನು ಓದುತ್ತಾಳೆ. ಚರಂಡಿಗೆ, ನಲ್ಲಿಗೆ, ವರ್ಗಾವಣೆಗೆ, ವಿಚ್ಛೇದನಕ್ಕೆ ಯಾರು ಯಾರಿಗೆ ಹೇಗೆ ಬರೆದುಕೊಳ್ಳುತ್ತಾರೆ ಎಂಬುದು ಆಕೆಗೆ ಹೀಗೆ ತಿಳಿದಿದೆ. ಆದ್ದರಿಂದ ಈ ಅರ್ಜಿ.

1. ಕೋಣೆಯ ವಿವರ

ಸದರಿ ಕೋಣೆಯು ಅಂಗಡಿಯ ಬೆನ್ನಿಗಿದೆ. ಉದ್ದಕ್ಕೆ ಒಂದು ಮರದ ಹಲಗೆ, ಅದರ ಮೇಲೆ ಸಾಲಾಗಿ ಬ್ಯಾಟರಿಗಳು, ಮೂಲೆಯಲ್ಲಿ ಚಾರ್ಜರ್, ಹಲಗೆಯ ಕೆಳಗೆ ಡಿಸ್ಟಿಲ್ಡ್ ವಾಟರಿನ ಕ್ಯಾನು, ಬಾಗಿಲ ಪಕ್ಕ ಒಂದು ಬಕೆಟ್ಟು ನೀರು, ಬಕೆಟ್ಟಿನ ಪಕ್ಕ, ಚೆಲ್ಲಿದ ಆ್ಯಸಿಡ್ಡಿನ ಮೇಲೆ ಹಾಕಲು, ಅಡುಗೆ ಸೋಡಾದ ಡಬ್ಬಿ. ಅಂಗಡಿಯ ಕಡೆಗೆ ತೆರೆಯುವ ಬಾಗಿಲನ್ನು, ವಾಸನೆಗೆ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆಂಬ ಕಾರಣಕ್ಕೆ, ತಾವು ಸದಾ ಮುಚ್ಚಿಸಿರುತ್ತೀರಿ. ನಲ್ಲಿಯ ಕಡೆಗೆ ಹೋಗುವ ಹಿಂದಿನ ಬಾಗಿಲನ್ನು, ನಾಯಿ ನುಗ್ಗುತ್ತದೆಂಬ ಕಾರಣಕ್ಕೆ, ದೊಡ್ಡತ್ತೆಯವರು ಮುಚ್ಚಿಸಿರುತ್ತಾರೆ. ಉಳಿದದ್ದು ಸೂರಿನ ಕೆಳಗಿನ ಕಿಟಕಿ. ಅದು ತಮ್ಮ ತಮ್ಮನವರಾದ, ಅಂದರೆ ಅರ್ಜಿದಾರಳ ಚಿಕ್ಕಮಾವನವರಾದ, ಗಾಡಿಗಳ ಸೀಟು ಹೊಲಿಯುವವರ ಅಂಗಳಕ್ಕೆ ತೆರೆಯುತ್ತದೆ. ತೆರೆಯುತ್ತಿತ್ತು ಎಂದು ತಿದ್ದಿ ಓದಿಕೊಳ್ಳಬೇಕು.

2. ತಾವೇ ಕಲಿಸಿದ ವಿದ್ಯೆಯ ಕುರಿತು

ಅರ್ಜಿದಾರಳಿಗೆ ಗೊತ್ತಿರುವುದೆಲ್ಲ ತಮ್ಮಿಂದ ಬಂದದ್ದು. ಅದಕ್ಕೆ ಆಕೆ ಋಣಿ. ತಾಯಿ ಹೋದ ಮೇಲೆ ಬಟ್ಟೆಯ ಗಂಟು ಹಿಡಿದು ಬಂದವಳನ್ನು ತಾವು ಆ ಹಲಗೆಯ ಮುಂದೆ ನಿಲ್ಲಿಸಿ, ಎಳೆಗೂಸಿಗೆ ಅನ್ನ ತಿನ್ನಿಸುವಷ್ಟು ತಾಳ್ಮೆಯಿಂದ ಹೇಳಿಕೊಟ್ಟಿದ್ದೀರಿ:

"ನಲ್ಲಿ ನೀರು ಹಾಕ್ಬೇಡ, ಪ್ಲೇಟು ಕೆಡುತ್ತೆ. ಡಿಸ್ಟಿಲ್ಡ್ ವಾಟರೇ ಹಾಕು. ಅದನ್ನೂ ಚಾರ್ಜಾದ ಮೇಲೆ ಹಾಕು. ಮೊದಲೇ ಕಂಠಮಟ್ಟ ತುಂಬಿಸಿದ್ರೆ ಬಿಸಿಯಾದಾಗ ಉಕ್ಕಿ ಹಲಗೆ ಎಲ್ಲಾ ಆ್ಯಸಿಡ್ಡು. ಪ್ಲೇಟು ಕಾಣಿಸ್ತಾ ಇದ್ರೆ ಮಾತ್ರ ಮೊದಲು ಮುಳುಗೋಷ್ಟು ಹಾಕು. ಆ್ಯಸಿಡ್ಡಿಗೆ ನೀರು ಸುರೀಬೇಡ, ಮುಖಕ್ಕೇ ಹಾರುತ್ತೆ. ನೀರಿಗೆ ಆ್ಯಸಿಡ್ಡು ಸುರಿ, ನಿಧಾನವಾಗಿ. ಮುಚ್ಚಳದಲ್ಲಿ ಸಣ್ಣ ತೂತಿರುತ್ತಲ್ಲ, ಕೊಳೆ ಕಟ್ಟಿದ್ರೆ ಬಿಡಿಸು. ಕ್ಲಿಪ್ಪು ತೆಗೆಯೋ ಮುಂಚೆ ಚಾರ್ಜರ್ ಆಫ್ ಮಾಡು. ಮರೀಬೇಡ. ಕಿಡಿ ಒಂದು ಸಾಕು. ಬಳೆ, ಉಂಗುರ ಏನಿದ್ರೂ ತೆಗೆದಿಟ್ಟು ಒಳಗೆ ಬಾ."

ಅರ್ಜಿದಾರಳು ತನ್ನ ತಾಯಿಯ ತೆಳು ಉಂಗುರವನ್ನು ಅಂದೇ ತೆಗೆದಿಟ್ಟಳು. ತಮ್ಮ ಬೆರಳಿನ ದಪ್ಪ ಉಂಗುರವು ಮಾಲೀಕರದ್ದಾದ ಕಾರಣ ಅದರಲ್ಲಿ ಕರೆಂಟು ಹರಿಯುವುದಿಲ್ಲವೆಂದು ಭಾವಿಸಲಾಗಿದೆ.

ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕವನ್ನೂ ತಾವು ಕೊಂಡು ತಂದಿದ್ದೀರಿ. ಒಳ್ಳೆಯ ಕನ್ನಡಕ. ಗೀರು ಬಿದ್ದೀತೆಂದು ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಲಾಗಿದೆ. ಗಿರಾಕಿಗಳು ಅದನ್ನು ನೋಡಿ, "ನಿಮ್ಮಲ್ಲಿ ಎಲ್ಲಾ ಪಕ್ಕಾ ಯಜಮಾನ್ರೇ" ಎನ್ನುವುದನ್ನು ಅರ್ಜಿದಾರಳು ಬಾಗಿಲ ಸಂದಿನಿಂದ ಕೇಳಿಸಿಕೊಂಡಿದ್ದಾಳೆ.

3. ಗೌನಿನ ಪ್ರಕರಣ

ಮನೆ ಪಾಲಾದಾಗ ಗೋಡೆ ತಮ್ಮ ಪಾಲಿಗೂ, ಗೋಡೆಯಾಚೆಯ ಅಂಗಳ ಚಿಕ್ಕಮಾವನವರ ಪಾಲಿಗೂ ಬಂತು. ನಡುವಿನ ಕಿಟಕಿ ಯಾರ ಪಾಲು ಎಂದು ಯಾರಿಗೂ ಹೊಳೆಯಲಿಲ್ಲ. ಅಣ್ಣತಮ್ಮಂದಿರು ಆಗಿನ್ನೂ ಮಾತಾಡುತ್ತಿದ್ದರು. ಕಿಟಕಿಯಿಂದ ತಾವು ಬೆಂಕಿಪೊಟ್ಟಣ ಕೇಳುತ್ತಿದ್ದಿರಿ. "ಬ್ಯಾಟರಿ ಕೋಣೇಲಿ ನಿಂತು ಬೆಂಕಿಪೊಟ್ಟಣ ಕೇಳ್ತೀಯಲ್ಲೋ ಅಣ್ಣ, ತಲೆ ನೆಟ್ಟಗಿದೆಯಾ?" ಎಂದು ಅವರು ಬೈದು, ಸುತ್ತಿಬಂದು ಮುಂದಿನ ಬಾಗಿಲಲ್ಲಿ ಕೊಡುತ್ತಿದ್ದರು.

ಹೀಗಿರಲಾಗಿ, ಒಂದು ಬೆಳಿಗ್ಗೆ ಚಿಕ್ಕಮಾವನವರು ಚಿಕ್ಕತ್ತೆಯವರ ಹೂವಿನ ಗೌನನ್ನು ಒಂದು ಕೋಲಿಗೆ ಸಿಕ್ಕಿಸಿಕೊಂಡು ಕಿಟಕಿಯ ಕೆಳಗೆ ಬಂದು ನಿಂತರು. ಒಗೆದು ಹಿಂಡಿ ಒಣಹಾಕಿದ ಗೌನಿನ ತುಂಬ ತೂತುಗಳು. ನಂತರ ನಡೆದ ಮಾತುಕತೆಯನ್ನು ಅರ್ಜಿದಾರಳು ಹಲಗೆಯ ಬಳಿ ನಿಂತು ಕೇಳಿದ್ದು, ಅದರ ಯಥಾಪ್ರತಿ ಹೀಗಿದೆ:

"ಅಣ್ಣಾ! ನೋಡಿಲ್ಲಿ! ನಿನ್ನ ಗ್ಯಾಸು ನನ್ನ ಹೆಂಡ್ತಿ ಗೌನು ತಿಂದ್ಹಾಕಿದೆ!"

"ನಿನ್ನ ಹೆಂಡ್ತಿ ಗೌನು ತಿಂದು ಹೊಟ್ಟೆ ತುಂಬಿಸ್ಕೊಳ್ಳೋ ಗತಿ ನನ್ನ ಗ್ಯಾಸಿಗೆ ಬಂದಿಲ್ಲ ಹೋಗೋ!"

"ಮತ್ತೆ ಈ ತೂತು ಯಾರು ಮಾಡಿದ್ದು? ಇಲಿನಾ?"

"ಇಲಿನೇ ಇರಬಹುದು. ನಿಮ್ಮನೇಲಿ ಅದಕ್ಕೆ ತಿನ್ನೋಕೆ ಇನ್ನೇನು ಸಿಗುತ್ತೆ?"

"ಅಣ್ಣಾ, ಮರ್ಯಾದೆ! ಇನ್ಮೇಲೆ ನಿನ್ನ ಗಾಳಿ ಈ ಕಡೆ ಬಿಡಬೇಡ. ಅಷ್ಟೇ ಹೇಳ್ತೀನಿ."

"ಬಿಡಲ್ಲ! ನನ್ನ ಗ್ಯಾಸು ನನ್ನ ಕರೆಂಟಲ್ಲಿ ಹುಟ್ಟಿದ್ದು. ನಿನಗ್ಯಾಕೋ ಕೊಡ್ಲಿ? ಒಂದು ಚೂರೂ ಬಿಡಲ್ಲ. ಪೂರ್ತಿ ನನ್ನ ಮನೇಲೇ ಇರುತ್ತೆ!"

ಮಾನ್ಯರೇ, ಆಸ್ತಿಯನ್ನು ತಮ್ಮನಿಗೆ ಬಿಟ್ಟುಕೊಡದ ಅಣ್ಣಂದಿರ ಅರ್ಜಿಗಳನ್ನು ಅರ್ಜಿದಾರಳು ರದ್ದಿಯಲ್ಲಿ ಬೇಕಾದಷ್ಟು ಓದಿದ್ದಾಳೆ. ಹೊಲ, ಹಿತ್ತಿಲು, ಮೆಟ್ಟಿಲು, ಒಂದು ಪ್ರಕರಣದಲ್ಲಿ ಬರೀ ಬಾಗಿಲ ಚಿಲಕ. ಬ್ಯಾಟರಿ ಬಿಟ್ಟ ಉಸಿರನ್ನು ಪಿತ್ರಾರ್ಜಿತವೆಂದು ಹಿಡಿದಿಟ್ಟುಕೊಂಡವರು ತಾವೊಬ್ಬರೇ.

4. ಮೊಳೆಗಳು

ಅದೇ ದಿನ ತಾವು ಸ್ಟೂಲು ಹತ್ತಿ ಕಿಟಕಿಗೆ ಒಳಗಿನಿಂದ ಮೊಳೆ ಹೊಡೆದಿರಿ. ಸ್ಟೂಲು ಹಿಡಿದುಕೊಂಡವಳು ಅರ್ಜಿದಾರಳೇ. ಸದ್ದು ಕೇಳಿದ ಚಿಕ್ಕಮಾವನವರು ಸುಮ್ಮನಿರಲಿಲ್ಲ. ಅಣ್ಣ ತನ್ನ ಮುಖಕ್ಕೆ ಕಿಟಕಿ ಮುಚ್ಚಿದನೆಂದರೆ ಅದು ಅಣ್ಣನ ಕೈ ಮೇಲಾದಂತೆ. ಆದ್ದರಿಂದ ಅವರೂ ಏಣಿ ಹಾಕಿ, ಹಳೆಯ ಗಾಡಿಯ ಬಾಗಿಲ ತಗಡೊಂದನ್ನು ತಂದು, ಹೊರಗಿನಿಂದ ಅದೇ ಕಿಟಕಿಯ ಮೇಲೆ ಹೊಡೆದರು. "ಅವನು ನಾಳೆ ಕಾಲು ಹಿಡಿದ್ರೂ ನಾನು ತೆಗೆಯಲ್ಲ" ಎಂದು ಅವರೂ, "ಅವನು ತೆಗೆದ ದಿನ ನಾನು ಇನ್ನೊಂದು ಸಾಲು ಹೊಡೀತೀನಿ" ಎಂದು ತಾವೂ, ಒಬ್ಬರಿಗೊಬ್ಬರು ಕೇಳುವ ಹಾಗೆ ನಿಮ್ಮ ನಿಮ್ಮ ಹೆಂಡಂದಿರಿಗೆ ಹೇಳಿದಿರಿ.

ಪಾಲಾದಂದಿನಿಂದ ಅಣ್ಣತಮ್ಮ ಒಂದೇ ಅಭಿಪ್ರಾಯಕ್ಕೆ ಬಂದದ್ದು ಈ ಒಂದು ವಿಷಯದಲ್ಲಿ.

5. ಫ್ಯಾನು

ಕಿಟಕಿ ಮುಚ್ಚಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ಗಂಟಲು ಕೆರೆಯುವುದೂ, ಕಣ್ಣು ಉರಿಯುವುದೂ, ತಲೆ ಭಾರವಾಗುವುದೂ ಶುರುವಾಯಿತು. ಅರ್ಜಿದಾರಳು ಕೆಮ್ಮುವುದನ್ನು ಗಮನಿಸಿದ ದೊಡ್ಡತ್ತೆಯವರು ಊಟಕ್ಕೆ ಬಡಿಸುತ್ತ ತಮ್ಮ ಗಮನಕ್ಕೆ ತಂದರು. ತಾವು ಕೂಡಲೇ ಕ್ರಮ ಕೈಗೊಂಡು, ಮಲಗುವ ಕೋಣೆಯಲ್ಲಿ ಮೂಲೆಗೆ ಸೇರಿದ್ದ ಹಳೆಯ ಟೇಬಲ್ ಫ್ಯಾನನ್ನು ತಂದು ಬ್ಯಾಟರಿ ಕೋಣೆಯಲ್ಲಿಟ್ಟಿರಿ.

ಸದರಿ ಫ್ಯಾನು ತಿರುಗುವಾಗ ಅದರ ಬೆನ್ನಿನಲ್ಲಿ ಸಣ್ಣ ಸಣ್ಣ ಕಿಡಿಗಳು ಕಾಣಿಸುತ್ತವೆ. ಮತ್ತು ಹೊರಗೆ ಹೋಗಲು ದಾರಿ ಇಲ್ಲದ ಗಾಳಿಯನ್ನು ಅದು ಅಲ್ಲಲ್ಲೇ ಸುತ್ತಿಸಿ, ಆಗಲೇ ಕುಡಿದದ್ದನ್ನೇ ಅರ್ಜಿದಾರಳಿಗೆ ಮತ್ತೆ ಕುಡಿಸಿತು. ತಾವು ಅತ್ತ ಹೋದ ಕೂಡಲೇ ಆಕೆ ಅದರ ಪ್ಲಗ್ಗು ಕಿತ್ತಳು. ತಾವು ಬಾಗಿಲಲ್ಲಿ ತಲೆ ಹಾಕಿ "ಈಗ ಹೇಗಿದೆ?" ಎಂದಾಗ "ಚೆನ್ನಾಗಿದೆ ಮಾವ" ಎಂದಳು. ಫ್ಯಾನು ನಿಂತೇ ಇತ್ತು. ತಾವು ನೋಡಲಿಲ್ಲ.

6. ಸದ್ದು

ಕಳೆದ ವಾರ ಹಾಲಿನ ವ್ಯಾನಿನ ಚಾಲಕರು ಚಾರ್ಜಿಗೆ ಕೊಟ್ಟಿದ್ದ ಬ್ಯಾಟರಿಯನ್ನು ಒಯ್ಯಲು ಬಂದರು. ಅವರ ತಕರಾರು ಬೀದಿಗೆಲ್ಲ ಕೇಳುವಂಥದ್ದು.

"ಯಜಮಾನ್ರೇ, ನಿಮ್ಮ ಚಾರ್ಜು ನಿಮ್ಮ ಬಾಗಿಲು ದಾಟೋವರೆಗೂ ಇರಲ್ಲ. ಹಾಲು ಒಡೆದ್ರೆ ನೀವು ಬಂದು ಮಾರ್ತೀರಾ?"

"ಬನ್ನಿ ಸ್ವಾಮಿ ಒಳಗೆ. ಕಣ್ಣಾರೆ ನೋಡಿ ನಿಮ್ಮ ಬ್ಯಾಟರಿ ಹೇಗೆ ಕುದೀತಾ ಇದೆ ಅಂತ!"

ತಾವು ಚಾಲಕರ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆತಂದಿರಿ. ಚಾರ್ಜರ್ ನಡೆಯುತ್ತಿತ್ತು. ಬ್ಯಾಟರಿ ನಿಜಕ್ಕೂ ಕುದಿಯುತ್ತಿತ್ತು. ಸೆಲ್ಲುಗಳಲ್ಲಿ ಗುಳುಗುಳು ಸದ್ದು ಕೇಳುತ್ತಿತ್ತು. ಅರ್ಜಿದಾರಳು ಬಾಗಿ ಪಕ್ಕದ ಬ್ಯಾಟರಿಯ ಆ್ಯಸಿಡ್ಡನ್ನು ಗಾಜಿನ ಕೊಳವೆಯಲ್ಲಿ ಎಳೆದು ಅಳತೆ ನೋಡುತ್ತಿದ್ದಳು. ತಾವು ಉಂಗುರವಿರುವ ಕೈಯನ್ನು ಚಾಚಿ, "ನೋಡಿ, ಈಗ ನೋಡಿ ಹೇಗಿದೆ ಜೀವ" ಎನ್ನುತ್ತ ಕ್ಲಿಪ್ಪನ್ನು ಹಿಡಿದಿರಿ.

ಅರ್ಜಿದಾರಳು, "ಮಾವಾ, ಸ್ವಿಚ್ಚು" ಎಂದಳು. ಆಕೆಯ ದನಿ ಎಷ್ಟೆಂಬುದು ತಮಗೆ ಗೊತ್ತಿರುವಂಥದ್ದೇ.

ತಾವು ಕ್ಲಿಪ್ಪು ಕಿತ್ತಿರಿ.

ಪಟಾಕಿ ಕಿವಿಯೊಳಗೇ ಹೊಡೆದಂತಾಯಿತು. ಬ್ಯಾಟರಿಯ ಮೇಲ್ಭಾಗ ಸೀಳಿ, ಒಂದು ಮುಚ್ಚಳ ಸೂರಿಗೆ ಬಡಿಯಿತು. ಆಮೇಲೆ ನಡೆದದ್ದನ್ನು ತಾವು ಬಹುಶಃ ನೋಡಿಲ್ಲ. ಆಗ ತಾವು ಚಾಲಕರ ಹಿಂದೆ ಇದ್ದಿರಿ. ಸೂರಿನ ಕೆಳಗೆ ಏನೋ ಒಂದು ಭುಗ್ಗೆಂದು ಈ ಗೋಡೆಯಿಂದ ಆ ಗೋಡೆಗೆ ಓಡಿ, ಅಲ್ಲಿದ್ದ ಜೇಡರ ಬಲೆಗಳೆಲ್ಲ ಒಂದೇ ಕ್ಷಣದಲ್ಲಿ ಇಲ್ಲವಾದವು. ಬ್ಯಾಟರಿ ಒಡೆದದ್ದು ಕ್ಲಿಪ್ಪಿನ ಲೆಕ್ಕಕ್ಕೆ. ಬಲೆಗಳು ಸುಟ್ಟದ್ದು ಕಿಟಕಿಯ ಲೆಕ್ಕಕ್ಕೆ. ತಮ್ಮನವರಿಗೆ ಕೊಡದೆ ಜೋಪಾನವಾಗಿ ಕೂಡಿಟ್ಟ ಗ್ಯಾಸು ಅಷ್ಟು ಎತ್ತರದಲ್ಲಿ ಸೇರಿಕೊಂಡಿತ್ತು. ಇನ್ನೂ ಒಂದು ಗಂಟೆ ತಡವಾಗಿ ತಾವು ಒಳಗೆ ಬಂದಿದ್ದರೆ ಅದು ಎಷ್ಟು ಕೆಳಗಿನವರೆಗೆ ಇರುತ್ತಿತ್ತೋ ಅರ್ಜಿದಾರಳಿಗೆ ತಿಳಿಯದು.

ಅಂದಿನಿಂದ ಆ ಕೋಣೆಯಲ್ಲಿ ಜೇಡಗಳಿಲ್ಲ. ಅವು ಅರ್ಜಿ ಕೊಡದೆಯೇ ಹೋದವು.

ಆ್ಯಸಿಡ್ಡು ಅರ್ಜಿದಾರಳ ಎಡಹುಬ್ಬಿಗೂ ಕೆನ್ನೆಗೂ ಬಿತ್ತು. ಕಣ್ಣು ಮುಚ್ಚಿಕೊಂಡೇ ಬಾಗಿಲಿನತ್ತ ತಡವಿ, ಬಕೆಟ್ಟಿನೊಳಗೆ ತಲೆ ಮುಳುಗಿಸಿದಳು. ಬಕೆಟ್ಟು ಸಾಲದೆ ನಲ್ಲಿಗೆ ಓಡಿ, ಅದರ ಕೆಳಗೆ ಮುಖ ಹಿಡಿದು ಕೂತಳು. ಒಳಗೆ ಮಾತು ನಡೆಯುತ್ತಿತ್ತು.

"ಈಗ ಈ ಬ್ಯಾಟರಿ ಯಾರ ತಲೆ ಮೇಲೆ?" ಎಂದು ಚಾಲಕರು.

"ನಿಮ್ಮ ಬ್ಯಾಟರೀನೇ ಹಳೇದು ಸ್ವಾಮಿ. ನಮ್ಮ ಹುಡುಗೀದು ಕಣ್ಣು ಹೋಗ್ತಿತ್ತು ನಿಮ್ಮಿಂದ!" ಎಂದು ತಾವು.

ತರುವಾಯ ತಾವು ನಲ್ಲಿಯ ಬಳಿ ಬಂದು ಕೇಳಿದಿರಿ: "ಕಣ್ಣು ಕಾಣುತ್ತಾ?"

"ಕಾಣುತ್ತೆ ಮಾವ."

"ಮತ್ಯಾಕೆ ಅಳೋದು? ಏನೂ ಆಗಿಲ್ಲ, ಮುಚ್ಚಳ ಹಾರಿದ್ದು ಅಷ್ಟೇ. ಎದ್ದು ಸೋಡಾ ಹಾಕಿ ನೆಲ ತೊಳಿ, ಗಿರಾಕಿ ಬರ್ತಾರೆ."

ಅರ್ಜಿದಾರಳು ಎದ್ದು, ಸೋಡಾ ಹಾಕಿ, ನೆಲ ತೊಳೆದಳು. ಹುಬ್ಬಿನ ಅರ್ಧ ಆಮೇಲೆ ಉದುರಿತು.

7. ತನಿಖೆ

ಅಂದು ಸಂಜೆ ತಾವು ಕುರ್ಚಿಯಲ್ಲಿ ಕುಳಿತು ಘಟನೆಯ ಕಾರಣವನ್ನು ವಿಚಾರಿಸಿದಿರಿ. ವಿಚಾರಣಾಧಿಕಾರಿ, ಸಾಕ್ಷಿ ಹಾಗೂ ತೀರ್ಪು ಕೊಡುವವರು ಮೂವರೂ ತಾವೇ ಆದ ಕಾರಣ ಕೆಲಸ ಬೇಗ ಮುಗಿಯಿತು. ಅರ್ಜಿದಾರಳ ಜಡೆಯೇ ಇದಕ್ಕೆಲ್ಲ ಕಾರಣವೆಂದು ತೀರ್ಮಾನವಾಯಿತು.

"ಜಡೆ ಬಿಟ್ಕೊಂಡು ಬ್ಯಾಟರಿ ಮೇಲೆ ಬಾಗಿದ್ರೆ ಇನ್ನೇನಾಗುತ್ತೆ?" ಎಂದಿರಿ.

ದೊಡ್ಡತ್ತೆಯವರು, "ಜಡೆಯಿಂದ ಕಿಡಿ ಬರುತ್ತೇನ್ರೀ?" ಎಂದರು.

"ನಿನಗೆ ಇದೆಲ್ಲ ತಿಳಿಯಲ್ಲ" ಎಂದಿರಿ.

ಜಡೆಯನ್ನು ಗಂಟು ಕಟ್ಟಿಕೊಂಡೇ ಒಳಗೆ ಹೋಗತಕ್ಕದ್ದೆಂಬ ಆದೇಶ ಅಂದಿನಿಂದ ಪಾಲನೆಯಲ್ಲಿದೆ. ಅದು ಒಳ್ಳೆಯ ಆದೇಶವೇ, ತಕರಾರಿಲ್ಲ. ಆದರೆ ಗಂಟು ಕಟ್ಟಿದ ಮೇಲೂ ಗ್ಯಾಸು ಹೊರಗೆ ಹೋಗುತ್ತಿಲ್ಲ.

8. ಗೌನಿನ ಪ್ರಕರಣದ ಮರುಪರಿಶೀಲನೆ

ಇದನ್ನು ಬರೆಯಲು ಅರ್ಜಿದಾರಳಿಗೆ ಅನುಮತಿ ಸಿಕ್ಕಿದೆ. ಯಾರಿಂದ ಎಂಬುದು ಮುಂದೆ ಬರುತ್ತದೆ.

ಗಾಳಿಯಲ್ಲಿ ತೇಲಿಬಂದ ಆ್ಯಸಿಡ್ಡು ತಂತಿಯ ಮೇಲಿನ ಬಟ್ಟೆಗಳಲ್ಲಿ ಒಂದನ್ನೇ ಆಯ್ದು ಸುಡುವುದಿಲ್ಲ. ಅಂದು ತಂತಿಯ ಮೇಲೆ ಚಿಕ್ಕಮಾವನವರ ಅಂಗಿ, ಎರಡು ಹೊದಿಕೆ, ಒಂದು ಟವೆಲ್ಲು ಕೂಡ ಇದ್ದವು. ಅವುಗಳಲ್ಲಿ ಒಂದಕ್ಕೂ ತೂತಿಲ್ಲ. ಗೌನಿನ ತೂತುಗಳೂ ಸೊಂಟದ ಮಟ್ಟದಲ್ಲಿ, ಒಂದು ಗೆರೆಯಲ್ಲಿ, ಹಿಂಬದಿಗೆ ಮಾತ್ರ ಇದ್ದವು. ಆ ಗೆರೆಯ ಎತ್ತರವು ಬ್ಯಾಟರಿ ಕೋಣೆಯ ಹಲಗೆಯ ಅಂಚಿನ ಎತ್ತರ. ಅರ್ಜಿದಾರಳ ಬಟ್ಟೆಗಳೆಲ್ಲ ಅದೇ ಎತ್ತರದಲ್ಲಿ ತೂತಾಗಿವೆ. ಅವು ಆಕೆಗೆ ಮುಂಬದಿಗಿವೆ. ಆ್ಯಸಿಡ್ಡು ತಾಗಿದ ಬಟ್ಟೆ ತಾಗಿದಾಗ ಏನೂ ಹೇಳುವುದಿಲ್ಲ. ಒಗೆದಾಗ ಹೇಳುತ್ತದೆ.

ಅಂದರೆ ಸದರಿ ಗೌನನ್ನು ತೊಟ್ಟವರು ಕೋಣೆಯ ಒಳಗೇ ಬಂದು, ಹಲಗೆಗೆ ಒರಗಿ ನಿಂತಿದ್ದರು.

ಮಾನ್ಯರೇ, ತಾವು ಊಟ ಮಾಡಿ ಕುರ್ಚಿಯಲ್ಲೇ ಗೊರಕೆ ಹೊಡೆಯುವ ಹೊತ್ತಿನಲ್ಲಿ ಚಿಕ್ಕತ್ತೆಯವರು ನಲ್ಲಿಯ ಬಾಗಿಲಿನಿಂದ ಬ್ಯಾಟರಿ ಕೋಣೆಗೆ ಬರುತ್ತಾರೆ. ಪಾಲಾದಂದಿನಿಂದಲೂ ಬರುತ್ತಿದ್ದಾರೆ. ದೊಡ್ಡತ್ತೆಯವರೂ ಎರಡು ಲೋಟ ಚಹಾ ಹಿಡಿದು ಬರುತ್ತಾರೆ. ಆ ಹೊತ್ತಿನಲ್ಲಿ ಗಂಡಸರು ಕಾಲಿಡದ ಕೋಣೆ ಇಬ್ಬರ ಮನೆಯಲ್ಲೂ ಇದೊಂದೇ. ಓರಗಿತ್ತಿಯರಿಬ್ಬರು ಅಲ್ಲಿ ಏನು ಮಾತಾಡುತ್ತಾರೆ ಎಂಬುದನ್ನು ಅರ್ಜಿದಾರಳು ಬರೆಯಲಾರಳು. ಇಷ್ಟು ಮಾತ್ರ ಹೇಳಬಲ್ಲಳು: ಆ ಮಾತುಗಳಲ್ಲಿ ತಾವಿಬ್ಬರೂ ಬಹಳ ಸಲ ಬರುತ್ತೀರಿ, ಒಮ್ಮೆಯೂ ಗೆಲ್ಲುವುದಿಲ್ಲ.

ಗೌನಿನ ವಿಷಯ ಮೂವರಿಗೂ ಗೊತ್ತಿತ್ತು. ಹೇಳಿದರೆ ಬರುವುದು ನಿಲ್ಲುತ್ತದೆಂದು ಮೂವರೂ ಸುಮ್ಮನಿದ್ದರು. ಕಿಟಕಿ ನಾಲ್ಕು ದಿನದಲ್ಲಿ ತೆರೆಯುತ್ತದೆಂದು ನಂಬಿದ್ದರು. ಗಂಡಸರ ಕೋಪಕ್ಕೆ ಅವರು ಕೊಟ್ಟ ಗಡುವು ಅಷ್ಟು.

ಬ್ಯಾಟರಿ ಒಡೆದ ಮರುದಿನ ಚಿಕ್ಕತ್ತೆಯವರು ಬಂದು, ಅರ್ಜಿದಾರಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

"ಅಕ್ಕಾ, ಹುಡುಗೀದು ಹುಬ್ಬೇ ಇಲ್ಲ" ಎಂದರು.

"ನೋಡಿದೀನಿ" ಎಂದರು ದೊಡ್ಡತ್ತೆಯವರು.

"ಒಂದು ಬೆರಳು ಕೆಳಗೆ ಬಿದ್ದಿದ್ರೆ?"

"ಅದನ್ನೇ ಆಗ್ನಿಂದ ಯೋಚಿಸ್ತಾ ಇದೀನಿ."

ಚಿಕ್ಕತ್ತೆಯವರು ಹಲಗೆಗೆ ಒರಗಲು ಹೋಗಿ, ನೆನಪಾಗಿ ನೇರ ನಿಂತರು. "ಬರಿಯೇ ಹುಡುಗಿ. ನಿಮ್ಮ ಮಾವ ಎಲ್ಲರಿಗೂ ಬರೆದು ಕೊಡಿ, ಬರೆದು ಕೊಡಿ ಅಂತಾರಲ್ಲ, ಬರಿ. ನಾನಿಲ್ಲಿಗೆ ಬರ್ತೀನಿ ಅಂತ್ಲೂ ಬರಿ. ಸೊಂಟ ಅಂತ್ಲೇ ಬರಿ. ನನ್ನ ಸೊಂಟಕ್ಕೇನು ನಾಚಿಕೆ?"

"ಚಿಕ್ಕಮಾವ ಬೈದ್ರೆ ಅತ್ತೆ?"

"ಬೈಲಿ. ಬೈಸ್ಕೊಂಡ್ರೆ ಹುಬ್ಬು ಉದುರಲ್ಲ."

9. ಈ ದಿನ ಕೈಗೊಂಡ ಕ್ರಮ

ಈ ದಿನ ಮಧ್ಯಾಹ್ನ ತಾವು ಕುರ್ಚಿಯಲ್ಲಿ ನಿದ್ರಿಸುತ್ತಿದ್ದಾಗ, ಚಿಕ್ಕಮಾವನವರು ಹೊಲಿದ ಸೀಟುಗಳನ್ನು ಕೊಡಲು ಹೋಗಿದ್ದಾಗ, ಅರ್ಜಿದಾರಳು ತಾವು ಕಲಿಸಿದ ಕ್ರಮದಲ್ಲೇ ಮೊದಲು ಚಾರ್ಜರ್ ಆಫ್ ಮಾಡಿ, ಆನಂತರ ಕ್ಲಿಪ್ಪುಗಳನ್ನು ತೆಗೆದು, ಹಿಂದಿನ ಬಾಗಿಲನ್ನು ಹಾರುಹೊಡೆದು, ಕೋಣೆಯ ಗಾಳಿ ತಿಳಿಯಾಗುವವರೆಗೆ ನಲ್ಲಿಕಟ್ಟೆಯ ಮೇಲೆ ಕಾದು ಕುಳಿತಳು. ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಕೆಲಸವಾದ್ದರಿಂದ ಅವಸರ ಮಾಡಲಿಲ್ಲ. ನಾಯಿ ಬಂತು. ಮೂಸಿ ನೋಡಿ, ಸೀನಿ, ಹೋಯಿತು.

ನಂತರ ಸ್ಟೂಲು ಹತ್ತಿ ಒಳಗಿನ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಸ್ಟೂಲನ್ನು ಹಿಡಿದುಕೊಂಡವರು, "ನಾನೇನೂ ನೋಡಿಲ್ಲ ಅಂತ ನಿಮ್ಮ ಮಾವನಿಗೆ ಹೇಳು" ಎಂದು ಹೇಳಿರುವುದರಿಂದ ಅವರು ಏನೂ ನೋಡಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಕಿಟಕಿಯ ರೆಕ್ಕೆಯನ್ನು ಒಳಗೆ ಎಳೆದಾಗ ಎದುರಿಗೆ ತಗಡು. ತಗಡಿನ ಸಂದಿಯಿಂದ ಅರ್ಜಿದಾರಳು ಸುತ್ತಿಗೆಯನ್ನು ತೂರಿಸಿದಳು. ಆ ಕಡೆ ಏಣಿಯ ಮೇಲಿದ್ದ ಚಿಕ್ಕತ್ತೆಯವರು ಅದನ್ನು ಹಿಡಿದುಕೊಂಡು, "ಸೀಟಿಗೆ ಮೊಳೆ ಹೊಡೆಯೋದು ನೋಡಿ ನೋಡಿ ಕೀಳೋದೂ ಬಂದ್ಬಿಟ್ಟಿದೆ" ಎನ್ನುತ್ತ ಹೊರಗಿನ ಮೊಳೆಗಳನ್ನು ಕಿತ್ತರು. ತಗಡು ಅಂಗಳಕ್ಕೆ ಬಿದ್ದ ಸದ್ದಿಗೂ ತಮಗೆ ಎಚ್ಚರವಾಗಲಿಲ್ಲ. ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಆ ಒಂದು ಕ್ಷಣ ಮೂವರು ಹೆಂಗಸರೂ ಉಸಿರು ಹಿಡಿದು ನಿಂತಿದ್ದೆವು.

(ಮೇಲಿನ ಸಾಲಿನಲ್ಲಿ 'ನಿಂತಿದ್ದರು' ಎಂದು ಇರಬೇಕಿತ್ತು. ಕಾಗದ ಹಾಳುಮಾಡುವುದು ಬೇಡವೆಂದು ಹಾಗೇ ಬಿಡಲಾಗಿದೆ.)

ಗಾಳಿ ಬಂತು. ರದ್ದಿ ಕಾಗದಗಳು ಹಾರಿ ನೆಲದ ತುಂಬ ಹರಡಿದವು. ಯಾರೂ ಎತ್ತಲು ಹೋಗಲಿಲ್ಲ.

ಚಿಕ್ಕಮಾವನವರು ತಾವು ಏಳುವ ಮೊದಲೇ ಹಿಂದಿರುಗಿದರು. ತಗಡು ನೆಲದಲ್ಲಿರುವುದನ್ನು ಕಂಡು, "ಯಾರೇ ಇದು ತೆಗೆದಿದ್ದು?" ಎಂದು ಗುಡುಗಿದರು.

"ಗಾಳಿಗೆ ಬಿತ್ತು" ಎಂದರು ಚಿಕ್ಕತ್ತೆಯವರು, ಏಣಿಯ ಮೇಲಿಂದಲೇ.

"ಇಷ್ಟು ಮೊಳೆ ಇದ್ದದ್ದು ಗಾಳಿಗೆ ಬಿತ್ತಾ?"

"ನಿಮ್ಮ ಅಣ್ಣನ ಗಾಳಿ. ಗೌನೇ ತಿನ್ನುತ್ತಂತೆ, ಮೊಳೆ ಬಿಡುತ್ತಾ?"

ಅವರು ಬಾಯಿ ತೆರೆದು ಕಿಟಕಿಯತ್ತ ತಲೆ ಎತ್ತಿದರು. ಅಲ್ಲಿ 'ಅಣ್ಣಾ' ಎಂದು ಕೂಗಲು ಅಣ್ಣ ಇರಲಿಲ್ಲ. ಅರ್ಜಿದಾರಳ ಮುಖ ಇತ್ತು. ಅವರು ಅದನ್ನು ನೋಡಿದ್ದು ಒಡೆದ ದಿನದಿಂದ ಈಚೆಗೆ ಇದೇ ಮೊದಲು. "ಅವನಿಗೇನಾಗಿದೆ, ದನ ಕಾಯೋನು..." ಎಂದು ಶುರುಮಾಡಿ ನಿಲ್ಲಿಸಿದರು. ಆಮೇಲೆ ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿ, ಅಂಗಳದ ಆ ಕೊನೆಯ ಗೋಡೆಗೆ ಕಟ್ಟಿದರು. ಕಟ್ಟುವಾಗ, "ಇದೇನೂ ಅವನಿಗೋಸ್ಕರ ಅಲ್ಲ" ಎಂದು ಪದೇ ಪದೇ ಹೇಳಿದರು. ಯಾರೂ ಕೇಳಿರಲಿಲ್ಲ.

ತಂತಿ ಆ ಕಡೆ ಹೋಗಿದೆ. ಆದ ಕಾರಣ, ಗೌನಿನ ಹೆಸರಿನಲ್ಲಿ ಕಿಟಕಿ ಮುಚ್ಚುವ ಅವಕಾಶ ಇನ್ನು ಯಾರಿಗೂ ಉಳಿದಿಲ್ಲ.

10. ಕೋರಿಕೆಗಳು

ಆದ್ದರಿಂದ, ಹಾಗೂ ಮೇಲೆ ಹೇಳಿದ ಎಲ್ಲ ಕಾರಣಗಳಿಂದ:

ಅ) ಸದರಿ ಕಿಟಕಿಯನ್ನು ತೆರೆದಿರುವುದಕ್ಕೆ ತಾವು ಘಟನೋತ್ತರ ಮಂಜೂರಾತಿ ನೀಡಬೇಕು. (ಕೆಲಸ ಆದ ಮೇಲೆ ಒಪ್ಪಿಗೆ ಕೊಡುವುದಕ್ಕೆ ಹೀಗೆನ್ನುತ್ತಾರೆ. ರದ್ದಿಯಲ್ಲಿ ಇದು ಬಹಳ ಸಿಗುತ್ತದೆ.)

ಆ) ಗಾಜಿನ ಕಪಾಟಿನ ಕನ್ನಡಕವನ್ನು ಬಿಡುಗಡೆ ಮಾಡಬೇಕು. ಗೀರು ಬೀಳುತ್ತದೆ. ಬೀಳಲೆಂದೇ ಅದನ್ನು ಮಾಡಿರುವುದು.

ಇ) ಫ್ಯಾನನ್ನು ಮಲಗುವ ಕೋಣೆಗೆ ವಾಪಸು ಪಡೆಯಬೇಕು.

ಈ) ಚಾರ್ಜರ್ ನಡೆಯುತ್ತಿರುವಾಗ ಕ್ಲಿಪ್ಪಿಗೆ ಕೈ ಹಾಕಬಾರದೆಂಬ ನಿಯಮವು ಕುರ್ಚಿಯಲ್ಲಿ ಕೂರುವವರಿಗೂ ಅನ್ವಯಿಸುವಂತೆ ತಿದ್ದುಪಡಿ ಮಾಡಬೇಕು.

ಉ) ಅರ್ಜಿದಾರಳು ಒಳಗಿನಿಂದ ಏನಾದರೂ ಕೂಗಿದರೆ, ದನಿ ಸಣ್ಣದಾದರೂ, ಅದನ್ನು ಕೇಳಿಸಿಕೊಳ್ಳುವವರೆಗೆ ಕೈ ತಡೆಯಬೇಕು.

ಇದರಲ್ಲಿ ಯಾವುದನ್ನೂ ಒಪ್ಪಲಾಗದಿದ್ದಲ್ಲಿ (ಉ) ಒಂದನ್ನಾದರೂ ಒಪ್ಪಬೇಕೆಂದು ಅರಿಕೆ.

ಕಿಟಕಿ ತೆರೆದಿರುವವರೆಗೆ
ತಮ್ಮ ವಿಶ್ವಾಸಿ,

(ಸಹಿ)
ಅರ್ಜಿದಾರಳು

ಸ್ಥಳ: ಬ್ಯಾಟರಿ ಕೋಣೆಯ ಒಳಗೆ. (ಇಷ್ಟು ಉದ್ದದ ಕಾಗದವನ್ನು ಅಲ್ಲೇ ಕೂತು ಬರೆಯಲು ಇಂದು ಗಾಳಿ ಸಾಕಾಯಿತು.)

ಅಡಕಗಳು:
1. ಒಳಗಿನ ಮೊಳೆಗಳು, ಒಂದು ಪೊಟ್ಟಣ.
2. ಹೊರಗಿನ ಮೊಳೆಗಳು, ಇನ್ನೊಂದು ಪೊಟ್ಟಣ. (ಬೆರೆತುಹೋದರೆ ಯಾರ ಮೊಳೆ ಯಾರದೆಂದು ಮತ್ತೆ ಜಗಳವಾಗುವುದರಿಂದ ಬೇರೆ ಬೇರೆ ಕಟ್ಟಲಾಗಿದೆ.)
3. ಹುಬ್ಬು ಲಗತ್ತಿಸಿಲ್ಲ. ಮುಖ ನೋಡಿ ಪರಿಶೀಲಿಸಿಕೊಳ್ಳಬಹುದು.

ಪ್ರತಿ: ಚಿಕ್ಕಮಾವನವರಿಗೆ, ಮಾಹಿತಿಗಾಗಿ. ಎಂಟನೆಯ ಅಂಶವನ್ನು ಚಿಕ್ಕತ್ತೆಯವರು ತಾವೇ ಓದಿಹೇಳುವುದಾಗಿ ತಿಳಿಸಿದ್ದಾರೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಓದಿ ಮುಗಿಸಿದ ಕೂಡಲೇ ತಾವು ಸುತ್ತಿಗೆ ಹುಡುಕುವ ಸಂಭವವಿದೆ. ಸುತ್ತಿಗೆಯು ಆ ಕಡೆಯೇ ಉಳಿದಿದೆ. ಚಿಕ್ಕತ್ತೆಯವರು ಅದನ್ನು ತಮ್ಮ ಹಾಸಿಗೆಯ ಕೆಳಗಿಟ್ಟುಕೊಂಡು, ಮಾಲೀಕರಾದ ತಾವೇ ಖುದ್ದಾಗಿ ಕಿಟಕಿಯಲ್ಲಿ ನಿಂತು 'ತಮ್ಮಾ' ಎಂದು ಕರೆದು ಕೇಳಿದರೆ ಮಾತ್ರ ಕೊಡುವುದಾಗಿ ಹೇಳಿದ್ದಾರೆ. ಹಾಗೆ ಕೇಳಲು ಇಷ್ಟವಿಲ್ಲದೆ ತಾವು ಹೊಸ ಸುತ್ತಿಗೆ ಕೊಂಡು ಕಿಟಕಿಗೆ ಮತ್ತೆ ಮೊಳೆ ಹೊಡೆಯುವುದೇ ಆದಲ್ಲಿ, ಕೊನೆಯ ಮೊಳೆ ಬಿದ್ದ ದಿನದಿಂದ ಜಾರಿಗೆ ಬರುವಂತೆ ಅರ್ಜಿದಾರಳನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೂ, ತಮ್ಮನ್ನು ಬ್ಯಾಟರಿ ಕೋಣೆಗೂ ವರ್ಗಾವಣೆ ಮಾಡಿಕೊಳ್ಳಬೇಕಾಗಿ ಪ್ರಾರ್ಥನೆ. ಒಳಗೆ ಹೋಗುವ ಮುನ್ನ ತಮ್ಮ ಉಂಗುರವನ್ನು ತೆಗೆದು ಆಕೆಯ ಕೈಗೆ ಕೊಟ್ಟು ಹೋಗುವುದು.